ಮನೆಯ ಹಿಂದಿನ ಶೆಡ್ಡಿಗೂ ಒಂದು ನಿಯಮ ಬರೆದುಕೊಡಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ಹಾಗೂ

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ, ಉತ್ತರ ಕನ್ನಡ, ಕಾರವಾರ

ವಿಷಯ: ವಾಸದ ಮನೆಯ ಹಿತ್ತಲಿನಲ್ಲಿ ಬೇರೆಯಾಗಿ ಕಟ್ಟಿಕೊಳ್ಳುವ ಗ್ಯಾರೇಜು ಮತ್ತು ವರ್ಕ್‌ಶಾಪ್ ಶೆಡ್ಡುಗಳಿಗೆ ಪರವಾನಗಿ ಕೊಡುವ ಬಗ್ಗೆ ಸ್ಪಷ್ಟ ಲಿಖಿತ ಸೂಚನೆ ಹೊರಡಿಸಲು ಕೋರಿ.

ಮಾನ್ಯರೇ,

ನಾನು ಕುಮಟಾ ತಾಲೂಕಿನವನು. ಅಘನಾಶಿನಿ ಅಳಿವೆಗೆ ಸೇರುವ ಒಂದು ಉಪ್ಪುನೀರಿನ ಹಳ್ಳದ ಹತ್ತಿರ ನಮ್ಮ ಮನೆ. ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಔಟ್‌ಬೋರ್ಡ್ ಎಂಜಿನ್ ರಿಪೇರಿ ನನ್ನ ಕಸುಬು. ಅಪ್ಪ ಬಲೆ ಹಿಡಿದರು, ನಾನು ಸ್ಪ್ಯಾನರ್ ಹಿಡಿದೆ. ಈ ಕೆಲಸಕ್ಕೆ ಮನೆಯ ಹಿಂದೆ ಒಂದು ಶೆಡ್ ಕಟ್ಟಿಕೊಳ್ಳಬೇಕೆಂದು ಗ್ರಾಮ ಪಂಚಾಯತಿಗೆ ಅರ್ಜಿ ಕೊಟ್ಟವನು. ಆ ಅರ್ಜಿಗೆ ಈವರೆಗೆ ಹೌದೆಂದೂ ಉತ್ತರ ಬಂದಿಲ್ಲ, ಇಲ್ಲವೆಂದೂ ಬಂದಿಲ್ಲ. ನನ್ನೊಬ್ಬನ ಫೈಲಿನ ವಿಚಾರವಾಗಿದ್ದರೆ ತಮ್ಮ ಕಚೇರಿಗೆ ಬಂದು ಮನವಿ ಕೊಟ್ಟು ಹೋಗುತ್ತಿದ್ದೆ. ಇದೇ ಗೊಂದಲದಲ್ಲಿ ಸಿಕ್ಕಿಕೊಂಡವರು ನಮ್ಮ ತಾಲೂಕಿನಲ್ಲಿ, ಅಂಕೋಲೆ, ಹೊನ್ನಾವರದ ಕಡೆ, ಘಟ್ಟದ ಮೇಲೆ ಶಿರಸಿಯಲ್ಲಿ ಕೂಡ ಇದ್ದಾರೆ. ಆದ್ದರಿಂದ ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯುತ್ತಿದ್ದೇನೆ.

ಮೊದಲು ಈ ಕೆಲಸಕ್ಕೆ ಸೂರು ಯಾಕೆ ಬೇಕು ಎಂಬುದನ್ನು ಹೇಳಬೇಕು. ಕಚೇರಿಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆಯೇ ಅದು: ‘ಇಷ್ಟು ದಿನ ಅಂಗಳದಲ್ಲೇ ಮಾಡ್ತಿದ್ದಿರಲ್ಲ, ಈಗ ಯಾಕೆ ಶೆಡ್?’

ಪ್ರತಿವರ್ಷ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳಿಗೂ 10 ಅಶ್ವಶಕ್ತಿ ಮೀರಿದ ಎಂಜಿನ್ ಕಟ್ಟಿದ ದೋಣಿಗಳಿಗೂ ಮೀನುಗಾರಿಕೆ ನಿಷೇಧವಿದೆ ಎಂಬುದು ತಮಗೆ ತಿಳಿದದ್ದೇ. ದೋಣಿ ದಡಕ್ಕೆ ಏರಿದ ಮೇಲೆಯೇ ಎಂಜಿನ್ ರಿಪೇರಿಗೆ ಬರುವುದು. ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಮಳೆಗಾಲದಲ್ಲಿಯೂ ಅವಕಾಶವಿದೆ. ಕಡಲು ಸ್ವಲ್ಪ ತಣ್ಣಗಾದರೆ ಅವರು ಇಳಿಯುತ್ತಾರೆ, ಅಲೆಯ ಹೊಡೆತಕ್ಕೆ ಎಂಜಿನ್ ಕೈಕೊಟ್ಟರೆ ಅದೇ ದಿನ ಹೊತ್ತು ತರುತ್ತಾರೆ. ಹೀಗಾಗಿ ಉಳಿದ ಕಸುಬಿನವರು ಮಳೆಗೆ ಕೈಕಟ್ಟಿ ಕೂರುವ ಎರಡು ತಿಂಗಳು ನಮಗೆ ಕೈತುಂಬ ಕೆಲಸ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿ ನಮ್ಮದು. ಆ ಮಳೆಯಲ್ಲಿ ಹೆಚ್ಚಿನ ಪಾಲು ಬೀಳುವುದು ಇದೇ ಎರಡು ತಿಂಗಳಲ್ಲಿ.

ಒಂದು ಎಂಜಿನ್ ಬಿಚ್ಚುವುದೆಂದರೆ ಏನು ಎಂದು ಹತ್ತಿರದಿಂದ ನೋಡದವರಿಗೆ ಹೇಳುತ್ತೇನೆ. ಒಂಬತ್ತು, ಹತ್ತು ಅಶ್ವಶಕ್ತಿಯ ಎಂಜಿನ್ ಸುಮಾರು 40 ಕೆ.ಜಿ. ತೂಗುತ್ತದೆ. ತಲೆಯ ಮುಚ್ಚಿಗೆ ತೆಗೆದರೆ ಅಲ್ಯೂಮಿನಿಯಂ ಮೈಮೇಲೆ ಬಿಳಿ ಹುಡಿ ಕೂತಿರುತ್ತದೆ. ಅದು ಉಪ್ಪು ತಿಂದ ಗುರುತು. ತಂಪು ಮಾಡಲು ಕಡಲ ನೀರನ್ನೇ ಎಳೆದುಕೊಳ್ಳುವ ಎಂಜಿನ್ ಇದು. ಆ ನೀರಿನ ದಾರಿಯಲ್ಲಿ ಉಪ್ಪು, ಮರಳು ಕಟ್ಟಿಕೊಂಡರೆ ಎಂಜಿನ್ ಕಾಯ್ದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಲ್ಲ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳನ್ನು ಎಣ್ಣೆ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಟಾರ್ಪಾಲಿನ ಅಂಚಿನಿಂದ ಒಂದು ಹನಿ ಸಿಡಿದು ಆ ಬೇರಿಂಗಿನ ಮೇಲೆ ಬಿದ್ದರೆ ಬೆಳಗಾಗುವಾಗ ಅಲ್ಲಿ ಸಣ್ಣ ಕೆಂಪು ಚುಕ್ಕೆ ಎದ್ದಿರುತ್ತದೆ. ಕೈಯಾಡಿಸಿದರೆ ಉಗುರಿಗೆ ತಾಗುತ್ತದೆ. ಅದನ್ನು ಹಾಗೆಯೇ ಕೂರಿಸಿದರೆ ತಿಂಗಳೊಳಗೆ ಶಬ್ದ ಬರುತ್ತದೆ, ಹೊಸದು ಹಾಕಿದರೆ ಖರ್ಚು ದೋಣಿಯವನ ತಲೆಗೆ. ನಡುಗಡಲಿನಲ್ಲಿ ಎಂಜಿನ್ ನಿಂತುಹೋದ ದೋಣಿಯಲ್ಲಿ ಇರುವವರು ನಮ್ಮ ಅಣ್ಣತಮ್ಮಂದಿರೇ. ಸೂರು ಬೇಕೆಂದು ನಾನು ಹಟ ಹಿಡಿಯುವುದು ಅದಕ್ಕೆ.

ಮೊದಲು ನನ್ನ ಕೆಲಸ ಹೆದ್ದಾರಿಯ ಬದಿಯ ಒಂದು ಗೂಡಿನಂಥ ಅಂಗಡಿಯಲ್ಲಿತ್ತು. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗುವಾಗ ಅದು ಹೋಯಿತು. ನನ್ನದಷ್ಟೇ ಅಲ್ಲ. ಭಟ್ಕಳದಿಂದ ಕಾರವಾರದ ತನಕ ರಸ್ತೆ ಬದಿಯಲ್ಲಿದ್ದ ಎಷ್ಟೋ ಸೈಕಲ್ ಅಂಗಡಿ, ವೆಲ್ಡಿಂಗ್ ಶೆಡ್, ಪಂಕ್ಚರ್ ಹಾಕುವ ಜಾಗ, ಬಡಗಿಯ ಕೊಟ್ಟಿಗೆ ಆಗ ಎದ್ದುಹೋದವು. ರಸ್ತೆ ಬೇಕಿತ್ತು, ಅದಕ್ಕೆ ತಕರಾರಿಲ್ಲ. ಹೆದ್ದಾರಿಯ ಮಧ್ಯದಿಂದ 40 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ ಎಂಬ ನಿಯಮವನ್ನೂ ಒಪ್ಪುತ್ತೇನೆ. ಆದರೆ ಅಲ್ಲಿಂದ ಎದ್ದ ಕಸುಬುಗಳೆಲ್ಲ ಎಲ್ಲಿಗೆ ಹೋದವು ಎಂದು ಯಾರೂ ಕೇಳಲಿಲ್ಲ. ಅವು ಮನೆಯ ಹಿತ್ತಲಿಗೆ ಹೋದವು. ಪೇಟೆಯಲ್ಲಿ ಮಳಿಗೆ ಹಿಡಿಯಲು ಮುಂಗಡ ಕೊಡುವ ತಾಕತ್ತು ಇಲ್ಲದವರು ಮನೆಯ ಹಿಂದೆ ನಾಲ್ಕು ಕಂಬ ನೆಟ್ಟು ಟಾರ್ಪಾಲು ಎಳೆದುಕೊಂಡರು. ನಾನೂ ಹಾಗೇ ಮಾಡಿದೆ. ನನ್ನಲ್ಲಿಗೆ ಬರುವವರು ಹಳ್ಳದ ದಾರಿಯಲ್ಲಿ ಎಂಜಿನ್ ಹೆಗಲ ಮೇಲಿಟ್ಟುಕೊಂಡು ಬರುವವರು. ಅವರಿಗೂ ಪೇಟೆ ದೂರ.

ನಾನು ಕೇಳಿದ ಶೆಡ್ ಎಷ್ಟು ದೊಡ್ಡದು? ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಸೊಂಟದೆತ್ತರಕ್ಕೆ ಚಿರೇಕಲ್ಲಿನ ಗೋಡೆ, ಅದರ ಮೇಲೆ ಕಬ್ಬಿಣದ ಪೈಪಿನ ಕಂಬ, ಶೀಟಿನ ಮಾಡು. ಒಳಗೆ ಸಿಮೆಂಟಿನ ನೆಲ, ಎಂಜಿನ್ ಎತ್ತಲು ಒಂದು ಅಡ್ಡ ತೊಲೆಗೆ ಚೈನ್ ಪುಲ್ಲಿ, ಮೂಲೆಯಲ್ಲಿ ಎಂಜಿನ್ ಇಳಿಸಿ ನಡೆಸಿ ನೋಡಲು ನೀರು ತುಂಬಿದ ಡ್ರಮ್ಮು. ಮನೆಗೂ ಶೆಡ್ಡಿಗೂ ನಡುವೆ ತೆಂಗಿನ ಮರ ನಿಲ್ಲುವಷ್ಟು ಜಾಗ. ಮನೆಯೊಳಗೆ ಮಕ್ಕಳಿದ್ದಾರೆ, ಪೆಟ್ರೋಲು ವಾಸನೆ ಅಡುಗೆ ಒಲೆಯ ಹತ್ತಿರ ಬರಬಾರದು, ಆದ್ದರಿಂದಲೇ ಮನೆಗೆ ಹಚ್ಚಿ ಕಟ್ಟದೆ ಬೇರೆಯಾಗಿ ಕಟ್ಟುತ್ತೇನೆಂದು ನಕ್ಷೆಯಲ್ಲಿ ತೋರಿಸಿದ್ದೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಪ್ರಕರಣದಂತೆ ಊರಿನಲ್ಲಿ ಏನೇ ಕಟ್ಟುವುದಿದ್ದರೂ ಪಂಚಾಯತಿಯ ಲಿಖಿತ ಅನುಮತಿ ಬೇಕು. ಅದರಂತೆ ಅರ್ಜಿ ಬರೆದೆ. ನನಗೆ ಕೊಟ್ಟ ಫಾರ್ಮಿನಲ್ಲಿ ಕಟ್ಟಡದ ಉದ್ದೇಶ ಎಂಬಲ್ಲಿ ಎರಡೇ ದಾರಿ: ವಾಸದ ಮನೆ, ಇಲ್ಲವೇ ವಾಣಿಜ್ಯ. ವಾಸದ ಮನೆ ಎಂದು ಬರೆದರೆ ‘ಒಂದೇ ಆಸ್ತಿ ನಂಬರಿನಲ್ಲಿ ಎರಡನೇ ಮನೆಗೆ ಹೇಗೆ ಕೊಡುವುದು’ ಎಂಬ ಪ್ರಶ್ನೆ. ವಾಣಿಜ್ಯ ಎಂದು ಬರೆದರೆ ಆ ಜಾಗಕ್ಕೆ ವಾಣಿಜ್ಯ ಉದ್ದೇಶದ ಭೂಪರಿವರ್ತನೆ ತನ್ನಿ, ಬೇರೆ ಮೀಟರು ಹಾಕಿಸಿ, ಅಕ್ಕಪಕ್ಕದವರ ಒಪ್ಪಿಗೆ ತನ್ನಿ, ಇನ್ನೂ ಯಾವ ಯಾವ ಇಲಾಖೆಯ ಎನ್‌ಒಸಿ ಬೇಕೋ ನೋಡಿ ಹೇಳುತ್ತೇವೆ ಎಂಬ ಉತ್ತರ. ಒಬ್ಬನೇ ಕೂತು, ಹೆಚ್ಚೆಂದರೆ ಒಬ್ಬ ಹುಡುಗನನ್ನು ಜೊತೆಗಿಟ್ಟುಕೊಂಡು ಎಂಜಿನ್ ಬಿಚ್ಚುವವನಿಗೂ ಹೆದ್ದಾರಿ ಬದಿಯಲ್ಲಿ ನಾಲ್ಕು ಮಳಿಗೆ ಕಟ್ಟಿ ಬಾಡಿಗೆಗೆ ಕೊಡುವವನಿಗೂ ಒಂದೇ ಅಳತೆ.

ಅಲ್ಲಿದ್ದ ಅಭಿವೃದ್ಧಿ ಅಧಿಕಾರಿಗಳು ಕೆಟ್ಟವರಾಗಿರಲಿಲ್ಲ. ಕೂರಿಸಿ ಮಾತಾಡಿದರು. ‘ನಿಮ್ಮ ಕಷ್ಟ ಅರ್ಥ ಆಗ್ತದೆ, ಆದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬಂದರೆ ನಾನು ಏನು ತೋರಿಸಲಿ?’ ಎಂದು ಅವರೂ ತಮ್ಮ ಕಷ್ಟ ಹೇಳಿಕೊಂಡರು. ಅವರ ಮಾತಿನಲ್ಲಿ ನ್ಯಾಯವಿತ್ತು. ತೋರಿಸಲು ಅವರ ಕೈಯಲ್ಲಿ ಒಂದು ಸುತ್ತೋಲೆ ಇರಲಿಲ್ಲ. ಅವರು ವರ್ಗವಾಗಿ ಹೋದ ಮೇಲೆ ಬಂದವರು ಹಿಂದಿನವರು ಕೇಳಿದ ಕಾಗದ ಬದಿಗಿಟ್ಟು ಬೇರೆ ಕಾಗದ ಕೇಳಿದರು. ಅರ್ಜಿಗೆ ಸಕಾಲದ ಸ್ವೀಕೃತಿ ಸಂಖ್ಯೆ ಕೇಳಿದಾಗ ‘ಮೊದಲು ಕಾಗದ ಪೂರ್ತಿ ಆಗಲಿ, ಆಮೇಲೆ ಹಾಕುವ’ ಎಂದರು. 2011ರ ಸಕಾಲ ಕಾಯ್ದೆ ಬಂದದ್ದು ಜನರ ಅರ್ಜಿಗೆ ನಿಗದಿತ ದಿನದೊಳಗೆ ಉತ್ತರ ಸಿಗಲಿ ಎಂದು. ಸಂಖ್ಯೆಯನ್ನೇ ಕೊಡದಿದ್ದರೆ ಆ ದಿನದ ಲೆಕ್ಕ ಶುರುವಾಗುವುದು ಎಲ್ಲಿಂದ?

ಇನ್ನು ಪಹಣಿ. ನಮ್ಮ ಕರಾವಳಿಯಲ್ಲಿ ಜಂಟಿ ಪಹಣಿ ಇಲ್ಲದ ಮನೆಯನ್ನು ಹುಡುಕಬೇಕು. ಅಜ್ಜನ ಕಾಲದ ಜಾಗ, ಅಣ್ಣತಮ್ಮಂದಿರು, ಅತ್ತೆಯಂದಿರು, ಮುಂಬೈಗೆ ಹೋಗಿ ನೆಲೆಸಿದವರು, ತೀರಿಹೋದವರು, ಎಲ್ಲರ ಹೆಸರೂ ಒಂದೇ ಸರ್ವೆ ನಂಬರಿನಲ್ಲಿ ಕೂತಿರುತ್ತದೆ. ಯಾರ ಹಿಸ್ಸೆ ಎಲ್ಲಿ ಎಂಬುದು ಊರಿಗೆಲ್ಲ ಗೊತ್ತು, ಬೇಲಿಯೂ ಇದೆ, ಪೋಡಿ (ಪ್ರತಿ ಪಾಲನ್ನು ಅಳೆದು ಬೇರೆ ನಂಬರು ಕೊಡುವ ಸರ್ವೆ ಕೆಲಸ) ಮಾತ್ರ ಆಗಿಲ್ಲ. ಪಾಲು ಬೇರೆಯಾಗದೆ ನಕ್ಷೆ ಇಲ್ಲ, ನಕ್ಷೆ ಇಲ್ಲದೆ ಪರಿವರ್ತನೆ ಇಲ್ಲ, ಪರಿವರ್ತನೆ ಇಲ್ಲದೆ ಪಂಚಾಯತಿಯ ಸರಿಯಾದ ಇ-ಸ್ವತ್ತು ಆಸ್ತಿ ದಾಖಲೆ ಇಲ್ಲ, ಆ ದಾಖಲೆ ಇಲ್ಲದೆ ಪರವಾನಗಿ ಇಲ್ಲ. ಮನೆ ಕಟ್ಟುವವರು ಸಾಲ ಬೇಕೆಂಬ ಕಾರಣಕ್ಕಾದರೂ ಈ ಮೆಟ್ಟಿಲುಗಳನ್ನೆಲ್ಲ ಹತ್ತುತ್ತಾರೆ. ಶೀಟಿನ ಮಾಡಿಗೋಸ್ಕರ ಹತ್ತುವವರು ಯಾರು? ಹತ್ತಲಾಗದವರು ಕೇಳುವುದನ್ನೇ ಬಿಡುತ್ತಾರೆ, ರಾತ್ರೋರಾತ್ರಿ ಕಟ್ಟಿ ಮುಗಿಸುತ್ತಾರೆ.

ಹಾಗೆ ಕಟ್ಟಿದ ಒಬ್ಬರ ಗತಿಯನ್ನು ಕಣ್ಣಾರೆ ಕಂಡಿದ್ದೇನೆ. ನನಗಿಂತ ಹಿರಿಯರು, ಫೈಬರ್ ದೋಣಿಗಳ ಬಿರುಕು ಮುಚ್ಚುವ ಕೆಲಸ ಬಲ್ಲವರು. ಕೇಳಿದರೆ ಕೊಡುವುದಿಲ್ಲ ಎಂದು ಗೊತ್ತಿದ್ದೇ ಮನೆಯ ಪಕ್ಕ ಶೆಡ್ ಎಬ್ಬಿಸಿದರು. ಎರಡು ಮಳೆಗಾಲ ಚೆನ್ನಾಗಿ ನಡೆಯಿತು. ಆಮೇಲೆ ದಾರಿಯ ವಿಚಾರಕ್ಕೆ ನೆರೆಯವರೊಡನೆ ಮಾತು ಬೆಳೆದು, ಅವರು ಒಂದು ತಕರಾರು ಅರ್ಜಿ ಹಾಕಿದರು. ಅನಧಿಕೃತ ಕಟ್ಟಡ, ತೆರವು ಮಾಡಿ ಎಂದು ಬಾಗಿಲಿಗೆ ನೋಟಿಸು ಅಂಟಿತು. ಅರ್ಜಿ ಕೊಟ್ಟ ನನಗೆ ಒಂದು ಸಾಲಿನ ಲಿಖಿತ ಉತ್ತರ ಕೊಡಲಾಗದ ವ್ಯವಸ್ಥೆ, ಅರ್ಜಿ ಕೊಡದ ಅವರಿಗೆ ವಾರದೊಳಗೆ ನೋಟಿಸು ಬರೆದುಕೊಟ್ಟಿತು. ಅವರು ಶೀಟು ಇಳಿಸುವಾಗ ನಾನೂ ಕೈಹಚ್ಚಿದೆ. ಈಗ ಅವರು ಗೋವಾಕ್ಕೆ ದಿನಗೂಲಿಗೆ ಹೋಗುತ್ತಾರೆ. ಅವರು ಬಲ್ಲ ಕೆಲಸ ಕಲಿಯಲು ಊರಿನ ಹುಡುಗರಿಗೆ ಈಗ ಯಾರೂ ಇಲ್ಲ. ಇದು ನನಗೆ ಶೆಡ್ ಹೋದದ್ದಕ್ಕಿಂತ ದೊಡ್ಡ ಸಂಕಟ.

ಈಗ ಎಲ್ಲರೂ ಮೊದಲು ಎತ್ತುವ ಸಿಆರ್‌ಝಡ್, ಅಂದರೆ ಕಡಲು, ಹೊಳೆಗಳ ದಂಡೆಯಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ವಿಚಾರಕ್ಕೆ ಬರುತ್ತೇನೆ. ಒಬ್ಬರು ನನಗೆ ‘ನೀರಿನಿಂದ 100 ಮೀಟರ್ ಬಿಡಬೇಕು’ ಎಂದರು. ಇನ್ನೊಬ್ಬರು ‘50 ಸಾಕು’ ಎಂದರು. ಮತ್ತೊಂದು ಕಚೇರಿಯಲ್ಲಿ ‘500 ಮೀಟರಿನೊಳಗೆ ಏನೂ ಆಗುವುದಿಲ್ಲ’ ಎಂದುಬಿಟ್ಟರು. ಮೂರೂ ಅಂಕಿಗಳು ಎಲ್ಲಿಂದ ಬಂದವೆಂದು ಓದಿ ತಿಳಿದುಕೊಂಡೆ. ಕಡಲಿನ ಭರತದ ಗೆರೆಯಿಂದ 500 ಮೀಟರ್ ತನಕ ಈ ನಿಯಮದ ವ್ಯಾಪ್ತಿ, ಅದು ತೆರೆದ ಕಡಲಿಗೆ ಹೇಳಿದ್ದು. ಉಬ್ಬರವಿಳಿತ ತಾಗುವ ಹೊಳೆ, ಹಳ್ಳಗಳಿಗೆ 2011ರ ಅಧಿಸೂಚನೆ 100 ಮೀಟರ್ ಅಥವಾ ಹಳ್ಳದ ಅಗಲ, ಯಾವುದು ಕಡಿಮೆಯೋ ಅಷ್ಟು ಎಂದಿತ್ತು. 2019ರ ಜನವರಿ 18ರ ಅಧಿಸೂಚನೆಯಲ್ಲಿ ಆ 100 ಎಂಬುದು 50 ಆಯಿತು. ಉಬ್ಬರದ ಪ್ರಭಾವ ಎಲ್ಲಿಯ ತನಕ ಎಂಬುದನ್ನು ಕಡು ಬೇಸಿಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದು ಪಾಲು ಇರುವ ಜಾಗದಿಂದ ಗುರುತಿಸಬೇಕು ಎಂದೂ ಬರೆದಿದ್ದಾರೆ. ಅಂದರೆ ಹಳ್ಳದ ಅಗಲ ಮೂವತ್ತು ಮೀಟರ್ ಇದ್ದರೆ ಲೆಕ್ಕಕ್ಕೆ ಬರುವುದು ಆ ಮೂವತ್ತೇ. ನಮ್ಮ ಹಳ್ಳದ ಅಗಲವನ್ನು ಅಳೆದು ಹೇಳಿ ಎಂದು ನಾನು ಕೇಳುತ್ತ ಬಂದಿದ್ದೇನೆ. ಅಳೆಯಲು ಯಾರೂ ಬಂದಿಲ್ಲ.

ಅದೇ ಅಧಿಸೂಚನೆಗಳಲ್ಲಿ ಇನ್ನೂ ಎರಡು ಮಾತುಗಳಿವೆ, ಅವುಗಳನ್ನು ಯಾವ ಕೌಂಟರಿನಲ್ಲಿಯೂ ಯಾರೂ ನನಗೆ ಹೇಳಲಿಲ್ಲ. ಸ್ಥಳೀಯ ಮೀನುಗಾರರಿಗೆ ಬೇಕಾಗುವ ಮೀನು ಒಣಗಿಸುವ ಕಣ, ಬಲೆ ದುರಸ್ತಿಯ ಜಾಗ, ಸಾಂಪ್ರದಾಯಿಕ ದೋಣಿ ಕಟ್ಟುವ ಜಾಗ, ಮಂಜುಗಡ್ಡೆಯ ಘಟಕ, ಇವಕ್ಕೆ ಅವಕಾಶವಿದೆ ಎಂಬುದು ಒಂದು. ಸ್ವಂತ ವಾಸಕ್ಕೆ ಕಟ್ಟುವ 300 ಚದರ ಮೀಟರ್ ತನಕದ ಮನೆಗಳನ್ನು ಸ್ಥಳೀಯ ಸಂಸ್ಥೆಯೇ ಸಿಆರ್‌ಝಡ್ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡಿ ಮಂಜೂರು ಮಾಡಬಹುದು, ರಾಜ್ಯ ಪ್ರಾಧಿಕಾರದ ಶಿಫಾರಸಿಗೆ ಕಾಯಬೇಕಿಲ್ಲ ಎಂದು 2019ರಲ್ಲಿ ಸೇರಿಸಿದ್ದು ಇನ್ನೊಂದು. ಬಲೆ ಹೊಲಿಯುವ ಜಾಗಕ್ಕೆ, ದೋಣಿ ಕಟ್ಟುವ ಜಾಗಕ್ಕೆ ಅವಕಾಶ ಕೊಟ್ಟ ಸರ್ಕಾರದ ಮನಸ್ಸಿನಲ್ಲಿ ಆ ದೋಣಿಯ ಎಂಜಿನ್ ರಿಪೇರಿ ಮಾಡುವವನಿಗೆ ಜಾಗ ಇರಬಾರದು ಎಂದು ಖಂಡಿತ ಇರಲಿಲ್ಲ. ಎಂಜಿನ್ ರಿಪೇರಿಯನ್ನು ಆ ಪಟ್ಟಿಯ ಜೊತೆಗೆ ಓದಬಹುದೋ ಇಲ್ಲವೋ ಎಂಬುದನ್ನು ಪಂಚಾಯತಿಯ ಮೇಜಿನ ಮೇಲೆ ಬಿಡಬೇಡಿ. ತಾವು ಸಂಬಂಧಪಟ್ಟವರೊಡನೆ ಸಮಾಲೋಚಿಸಿ ಒಂದು ಉತ್ತರ ತರಿಸಿಕೊಡಿ. ಆಗುವುದಿಲ್ಲ ಎಂಬ ಉತ್ತರವೇ ಬಂದರೂ ತಲೆಬಾಗುತ್ತೇನೆ, ನಿಯಮ ಎಲ್ಲರಿಗೂ ಒಂದೇ ಆಗಿರಲಿ.

ನಿಯಮವೇ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದಾಗ ಹೆದ್ದಾರಿ ಬದಿಯ ಹೋಟೆಲೂ ಅಲ್ಲಿದ್ದ ಜೀವಗಳೂ ಮಣ್ಣಿನಡಿ, ಗಂಗಾವಳಿ ಹೊಳೆಯೊಳಗೆ ಹೋದವು. ನೀರು ಎದ್ದು ಎದುರು ದಂಡೆಯ ಉಳುವರೆಯ ಮನೆಗಳ ಮೇಲೂ ಅಪ್ಪಳಿಸಿತು. ಗುಡ್ಡ ಕಡಿದಲ್ಲಿ, ಹೊಳೆಯ ಅಂಚಿನಲ್ಲಿ ಕಟ್ಟಲು ಬಿಡಬಾರದೆಂಬ ಎಚ್ಚರ ಅಂದಿನಿಂದ ಅಧಿಕಾರಿಗಳಲ್ಲಿ ಹೆಚ್ಚಿದೆ, ಹೆಚ್ಚಬೇಕಾದದ್ದೇ. ಅದೇ ವರ್ಷ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಬಳಚು (ಚಿಪ್ಪಿ) ಹೆಕ್ಕುವ ಹೆಂಗಸರಲ್ಲಿ ನಮ್ಮ ಮನೆಯವರೂ ಇದ್ದಾರೆ. ಎಂಜಿನಿನ ಹಳೇ ಎಣ್ಣೆ ಒಂದು ಡಬ್ಬ ಹಳ್ಳಕ್ಕೆ ಬಿದ್ದರೆ ಅದರ ವಾಸನೆ ಮೊದಲು ಬರುವುದು ಅವರ ಬುಟ್ಟಿಗೆ. ಆದ್ದರಿಂದ ಷರತ್ತು ಹಾಕಿ ಎಂದು ನಾನೇ ಕೇಳುತ್ತಿದ್ದೇನೆ. ಹಳೇ ಎಣ್ಣೆಯನ್ನು ಡ್ರಮ್ಮಿನಲ್ಲಿ ಕೂಡಿಟ್ಟು ತೆಗೆದುಕೊಳ್ಳುವವರಿಗೆ ಕೊಟ್ಟ ಲೆಕ್ಕ ಇಡಬೇಕು ಎನ್ನಿ. ತೊಳೆದ ನೀರು ಎಣ್ಣೆ ತಡೆಯುವ ಗುಂಡಿ ದಾಟದೆ ಹೊರಗೆ ಹೋಗಬಾರದು ಎನ್ನಿ. ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ 30 ಲೀಟರಿಗಿಂತ ಹೆಚ್ಚು ಇಡಬಾರದೆಂದು 1934ರ ಪೆಟ್ರೋಲಿಯಂ ಕಾಯ್ದೆಯೇ ಹೇಳುತ್ತದೆ, ಅದನ್ನು ಶೆಡ್ಡಿನ ಗೋಡೆಯ ಮೇಲೆ ಬರೆಸಿ. ರಾತ್ರಿ ಎಂಟರ ನಂತರ ಎಂಜಿನ್ ನಡೆಸಿ ನೋಡಬಾರದು ಎನ್ನಿ. ಪಕ್ಕದ ಮನೆಯಲ್ಲಿ ಓದುವ ಮಕ್ಕಳಿದ್ದಾರೆ, ಅವರ ತೊಂದರೆ ನನಗೂ ಗೊತ್ತು. ಪರವಾನಗಿ ಪಡೆದವನಿಗೆ ಷರತ್ತು ಹಾಕಬಹುದು, ಬಂದು ತಪಾಸಣೆ ಮಾಡಬಹುದು. ಟಾರ್ಪಾಲಿನ ಕೆಳಗೆ ಕದ್ದು ಮಾಡುವವನ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಕೇಳುವವರು ಯಾರು?

ಘಟ್ಟದ ಮೇಲಿನವರ ಸಂಗತಿಯನ್ನೂ ಸ್ವಲ್ಪ ಹೇಳಬೇಕು. ಶಿರಸಿ ಕಡೆಯ ನನ್ನ ಸ್ನೇಹಿತರೊಬ್ಬರು ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಜೀಪು ಇವಿಷ್ಟಕ್ಕೆ ತೋಟದ ತಲೆಯಲ್ಲಿ ಒಂದು ಕೊಟ್ಟಿಗೆ ಕಟ್ಟಲು ಹೊರಟರು. ಭೂಕಂದಾಯ ಕಾಯ್ದೆ 1964ರ 95ನೇ ಪ್ರಕರಣದ ಮೊದಲ ಉಪಪ್ರಕರಣವೇ ಕೃಷಿಕ ತನ್ನ ಸಾಗುವಳಿಗೆ ಬೇಕಾದ ಕಟ್ಟಡವನ್ನು ತನ್ನ ಜಮೀನಿನಲ್ಲಿ ಕಟ್ಟಿಕೊಳ್ಳಬಹುದು ಎನ್ನುತ್ತದೆ. ಆದರೂ ಅವರಿಗೆ ಸಿಕ್ಕ ಸಲಹೆ ಪರಿವರ್ತನೆ ಮಾಡಿಸಿಕೊಂಡು ಬನ್ನಿ ಎಂದು. ಬದಿಗಿರುವುದು ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅಲ್ಲಿ ಕಟ್ಟುವಂತಿಲ್ಲ, ಅದು ಅವರಿಗೂ ಗೊತ್ತು, ಕೇಳಿದ್ದು ತಮ್ಮ ಸ್ವಂತ ಮಾಲ್ಕಿ ಜಾಗದಲ್ಲಿ. ಯಂತ್ರಗಳು ಈಗ ಜಗಲಿಯಲ್ಲಿವೆ. ಸುಲಿದ ಅಡಿಕೆಯ ಧೂಳು ಒಳಮನೆಯಲ್ಲಿ ಮಲಗಿದ ಅವರ ತಾಯಿಯ ಕೆಮ್ಮಿಗೆ ಸೇರುತ್ತಿದೆ. ಕಾನೂನು ಕೊಟ್ಟದ್ದನ್ನು ಮೇಜು ಕಸಿಯುವ ಇಂಥ ಪ್ರಸಂಗಗಳು ನಿಲ್ಲಬೇಕಾದರೆ ಮೇಜಿಗೆ ಮೇಲಿನಿಂದ ಬರಹದಲ್ಲಿ ಸೂಚನೆ ಹೋಗಬೇಕು.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ಪ್ರಾರ್ಥನೆ: ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿಗಳಿಗೂ ಪಟ್ಟಣದ ಸ್ಥಳೀಯ ಸಂಸ್ಥೆಗಳಿಗೂ ಒಂದೇ ಹಾಳೆಯ ಸೂಚನೆಯನ್ನು ತಾವಿಬ್ಬರೂ ಸೇರಿ ಹೊರಡಿಸಬೇಕು. ವಾಸದ ಮನೆ ಇರುವ ಜಾಗದಲ್ಲಿಯೇ, ಮನೆಯವರೇ ಬಳಸುವ, ಒಂದೇ ಅಂತಸ್ತಿನ ಶೆಡ್ಡನ್ನು ಮನೆಗೆ ಪೂರಕವಾದ ಕಟ್ಟಡ ಎಂದು ನೋಡಬೇಕು. ಎಷ್ಟು ಚದರ ಅಡಿಯ ತನಕ ಎಂಬ ಮಿತಿಯನ್ನು ತಾವೇ ಗೊತ್ತುಮಾಡಿ. 600 ಚದರ ಅಡಿ ಇದ್ದರೆ ಒಂದು ಜೀಪೋ ಎರಡು ಎಂಜಿನ್ ಮೇಜೋ ಬಡಗಿಯ ರಂಧಾ ಯಂತ್ರವೋ ಹಿಡಿಸುತ್ತದೆ. ಬೇಲಿಯಿಂದ, ಬಾವಿಯಿಂದ, ಶೌಚದ ಗುಂಡಿಯಿಂದ ಎಷ್ಟು ದೂರ, ಎತ್ತರ ಎಷ್ಟು, ಯಾವ ಯಾವ ಕಾಗದ, ಶುಲ್ಕ ಎಷ್ಟು, ಸ್ಥಳ ನೋಡುವವರು ಯಾರು, ಇಷ್ಟು ಅದರಲ್ಲಿ ಇರಲಿ. ಹಾಳೆಯನ್ನು ಪಂಚಾಯತಿಯ ನೋಟಿಸ್ ಬೋರ್ಡಿಗೆ ಹಚ್ಚಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಅಂಗಡಿಯಂತೆ ಬಾಡಿಗೆಗೆ ಕೊಡುವ, ಹತ್ತು ಜನ ಕೂಲಿಯವರನ್ನು ಇಡುವ ಕಟ್ಟಡಗಳಿಗೆ ಈ ರಿಯಾಯಿತಿ ಬೇಡ.

ಜಂಟಿ ಪಹಣಿ ಇರುವಲ್ಲಿ, ಸ್ಥಳದಲ್ಲಿರುವ ಪಾಲುದಾರರು ತಮ್ಮ ಆಕ್ಷೇಪವಿಲ್ಲವೆಂದು ಬರೆದುಕೊಟ್ಟರೆ ಇಂಥ ಸಣ್ಣ ಶೆಡ್ಡಿಗಾದರೂ ಅದನ್ನು ಪರಿಗಣಿಸಲು ಕಾನೂನಿನಲ್ಲಿ ದಾರಿ ಇದೆಯೇ ಎಂದು ಪರಿಶೀಲಿಸಬೇಕು. ಜೊತೆಗೆ ಈ ಕರಾವಳಿ ತಾಲೂಕುಗಳಲ್ಲಿ ಪೋಡಿಯ ಕೆಲಸಕ್ಕೆ ವೇಗ ಕೊಡಿ. ಎಲ್ಲ ಕಷ್ಟದ ಬೇರು ಅಲ್ಲಿದೆ.

ಸಿಆರ್‌ಝಡ್ ಗೆರೆ ಯಾವ ಸರ್ವೆ ನಂಬರಿನ ಎಲ್ಲಿ ಹಾದುಹೋಗಿದೆ ಎಂಬುದನ್ನು ಪ್ರತಿಯೊಂದು ಕರಾವಳಿ ಪಂಚಾಯತಿಯ ಗೋಡೆಗೆ ಕನ್ನಡದಲ್ಲಿ ಬರೆಸಿ ಹಾಕಿಸಬೇಕು. ನಕ್ಷೆ ಕಂಪ್ಯೂಟರಿನಲ್ಲಿದೆ ಎನ್ನುತ್ತಾರೆ. ಬಣ್ಣ ಬಣ್ಣದ ಆ ಗೆರೆಗಳಲ್ಲಿ ತನ್ನ ತೆಂಗಿನ ಮರ ಯಾವ ಕಡೆಗಿದೆಯೆಂದು ಒಬ್ಬ ಮೀನುಗಾರ ಗುರುತಿಸಲಾರ. ಅರ್ಜಿ ಬಂದಾಗ ಸರ್ವೆಯವರು ಬಂದು ಒಂದು ಗೂಟ ಹುಗಿದು ತೋರಿಸಿದರೆ ಅವನು ಗೂಟದ ಆಚೆ ಕಟ್ಟುತ್ತಾನೆ.

ಬಾಯಿಮಾತಿನ ನಿರಾಕರಣೆ ಕೂಡದು ಎಂದು ಕಟ್ಟಪ್ಪಣೆ ಮಾಡಿ. ಅರ್ಜಿ ಕೈಗೆ ಬಂದ ದಿನವೇ ಸಕಾಲದ ಸಂಖ್ಯೆ ಕೊಡಬೇಕು, ಕಾಗದ ಕಡಿಮೆ ಇದ್ದರೆ ಎಲ್ಲವನ್ನೂ ಒಂದೇ ಸಲ ಬರೆದು ಕೇಳಬೇಕು, ಆಗುವುದಿಲ್ಲವಾದರೆ ಯಾವ ನಿಯಮದ ಕೆಳಗೆ ಆಗುವುದಿಲ್ಲ ಎಂದು ಬರೆದುಕೊಡಬೇಕು. ಬರಹದಲ್ಲಿ ಕೊಟ್ಟರೆ ನಾವು ಮೇಲ್ಮನವಿಗೆ ಹೋಗಬಹುದು. ‘ನೋಡುವ, ಮುಂದಿನ ವಾರ ಬನ್ನಿ’ ಎಂಬ ಮಾತಿನ ಮೇಲೆ ಯಾವ ಮೇಲ್ಮನವಿ ಹಾಕುವುದು?

ಈಗಾಗಲೇ ಕಟ್ಟಿಕೊಂಡವರ ಬಗ್ಗೆಯೂ ಒಂದು ಮಾತು. ಗುಡ್ಡದ ಬುಡ, ಹೊಳೆಯ ದಂಡೆ, ಕಾಂಡ್ಲಾ ಗಿಡಗಳ ಜಾಗ, ಸಾರ್ವಜನಿಕ ದಾರಿ, ಇಂಥಲ್ಲಿ ಕಟ್ಟಿದ್ದರೆ ಯಾವ ದಾಕ್ಷಿಣ್ಯವೂ ಬೇಡ. ಉಳಿದವರಿಗೆ ಒಂದು ಗಡುವು ಕೊಟ್ಟು ಅರ್ಜಿ ಹಾಕಿಸಿ, ಸ್ಥಳ ನೋಡಿ, ಸರಿಪಡಿಸಬೇಕಾದದ್ದನ್ನು ಸರಿಪಡಿಸಲು ಹೇಳಿ. ನೆರೆಯವರ ಸಿಟ್ಟಿನ ಮೇಲೆ ನೋಟಿಸು ಹೊರಡುವ ಪದ್ಧತಿ ಇದ್ದಷ್ಟು ಕಾಲ ಊರಿನಲ್ಲಿ ನೆಮ್ಮದಿ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬ ಹಿರಿಯರು ಎಂಜಿನ್ ತಂದಿಟ್ಟು, ಸೋರುತ್ತಿದ್ದ ಟಾರ್ಪಾಲನ್ನು ನೋಡಿ, ‘ಮಗಾ, ಆಗಸ್ಟ್ ಒಂದಕ್ಕೆ ದೋಣಿ ಇಳೂದು. ನಿಂದು ಪಾಸ್ ಬಂದಿಲ್ಲ ಹೇಳಿ ಸಮುದ್ರ ಕಾಯ್ತದ್ಯೆ?’ ಎಂದರು. ಅವರ ಎಂಜಿನ್ ಮುಗಿಸಿಕೊಟ್ಟೆ. ಅವರ ಹಿಂದೆ ಬಂದ ಇಬ್ಬರದ್ದನ್ನು ಹೊತ್ತಿಗೆ ಮುಗಿಸಲು ಆಗಲಿಲ್ಲ, ಬಿಚ್ಚಿದ್ದನ್ನು ಒಣಗಿಸುವ ಜಾಗವೇ ಇರಲಿಲ್ಲ. ಹಬ್ಬದ ಮುಂದಿನ ಒಳ್ಳೆಯ ಮೀನಿನ ದಿನಗಳು ಅವರ ಕೈತಪ್ಪಿದವು.

ಚಿರೇಕಲ್ಲು, ಪೈಪು, ಶೀಟಿಗೆ ಬೇಕಾದ ಹಣವನ್ನು ಸ್ವಸಹಾಯ ಸಂಘದಿಂದ ನನ್ನ ಹೆಂಡತಿ ತೆಗೆದಿಟ್ಟಿದ್ದಾಳೆ. ಅಡಿಪಾಯ ತೋಡಿ, ಕಲ್ಲು ಕೂರಿಸಿ, ಮಾಡು ಏರಿಸಲು ಮೇ ತಿಂಗಳು ಒಂದಿದ್ದರೆ ಸಾಕು. ನನ್ನ ಅರ್ಜಿಯ ಪ್ರತಿ, ಸ್ಥಳದ ನಕ್ಷೆ, ಪಹಣಿ, ಪಾಲುದಾರರ ಒಪ್ಪಿಗೆ ಪತ್ರ ಎಲ್ಲವನ್ನೂ ತಮ್ಮ ಕಚೇರಿಯ ಟಪಾಲಿಗೆ ಬೇರೆಯಾಗಿ ಕೊಟ್ಟಿದ್ದೇನೆ. ನಿಷೇಧದ ದಿನಗಳು ಜೂನ್ 1ಕ್ಕೆ ಶುರುವಾಗುತ್ತವೆ. ಆ ಒಂದು ಹಾಳೆಯ ಸೂಚನೆ ಏಪ್ರಿಲ್ ಮುಗಿಯುವುದರೊಳಗೆ ಪಂಚಾಯತಿಗಳಿಗೆ ತಲುಪುವಂತೆ ಮಾಡಬೇಕೆಂದು, ನನ್ನ ಅರ್ಜಿಗೂ ಅಷ್ಟರೊಳಗೆ ಲಿಖಿತ ಉತ್ತರ ಕೊಡಿಸಬೇಕೆಂದು ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ದೋಣಿ ಎಂಜಿನ್ ರಿಪೇರಿ ಕೆಲಸಗಾರ,
ಕುಮಟಾ ತಾಲೂಕು, ಉತ್ತರ ಕನ್ನಡ